ಅಲನ್ ಟ್ಯೂರಿಂಗ್: ಎಲೆಕ್ಟ್ರಾನಿಕ್ ಸಿಟಿಯ ಸ್ಟ್ಯಾಕ್ ಲೆಕ್ಕಕ್ಕೆ ಬಳ್ಳಾರಿಯ ನಂಟು

ಬೆಂಗಳೂರು: ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ನ ತಂತ್ರಾಂಶ ಸಂಸ್ಥೆಗಳು ಹಾಗೂ ಪೀಣ್ಯದ ಯಂತ್ರೋಪಕರಣ ಘಟಕಗಳಲ್ಲಿ ಕಾರು, ವೈದ್ಯಕೀಯ ಸಾಧನ, ಮೋಟಾರು ನಿಯಂತ್ರಕಗಳಿಗೆ ಪ್ರೋಗ್ರಾಂ ಬರೆಯುವ ಎಂಜಿನಿಯರುಗಳಿಗೆ ಚಿರಪರಿಚಿತವಾದ ಒಂದು ಕಡತವಿದೆ. ಜಿಸಿಸಿ ಎಂಬ ಪ್ರಸಿದ್ಧ ಕಂಪೈಲರಿಗೆ ಸ್ಟ್ಯಾಕ್ ಬಳಕೆಯ ವರದಿ ನೀಡುವಂತೆ ಸೂಚಿಸಿದರೆ ಪ್ರತಿ ಮೂಲ ಕಡತಕ್ಕೂ ಅದು ಒಂದು ಚಿಕ್ಕ ಪಟ್ಟಿಯನ್ನು ತಯಾರಿಸಿಕೊಡುತ್ತದೆ. ಅದರಲ್ಲಿ ಪ್ರತಿ ಫಂಕ್ಷನ್ನಿನ ಹೆಸರು, ಅದು ಬಳಸುವ ಬೈಟುಗಳ ಸಂಖ್ಯೆ ಮತ್ತು ಒಂದು ಷರಾ ಇರುತ್ತವೆ. ಕೆಲವು ಸಾಲುಗಳ ಕೊನೆಯಲ್ಲಿ ಆ ಷರಾ ತುಸು ಉದ್ದವಾಗಿ, ‘ಸ್ಟ್ಯಾಟಿಕ್, ಇಗ್ನೋರಿಂಗ್ ಇನ್‌ಲೈನ್ ಆಸ್ಮ್’ ಎಂದಿರುತ್ತದೆ. ಲೆಕ್ಕ ಸ್ಥಿರವಾಗಿದೆ, ಆದರೆ ನಡುವೆ ಸೇರಿಸಿರುವ ಅಸೆಂಬ್ಲಿ ಭಾಷೆಯ ಸಾಲುಗಳನ್ನು ಪರಿಗಣಿಸಿಲ್ಲ ಎಂಬುದು ಇದರ ತಾತ್ಪರ್ಯ.

ಯಂತ್ರವೊಂದು ತನ್ನ ಅರಿವಿನ ಮಿತಿಯನ್ನು ತಾನೇ ಒಪ್ಪಿಕೊಳ್ಳುವ ಅಪರೂಪದ ಸಾಲು ಇದು. ಈ ಮಿತಿಯ ಬೇರು ಹುಡುಕುತ್ತಾ ಹೋದರೆ ತಲುಪುವುದು 1954ರಲ್ಲಿ, ಕೇವಲ 41ನೇ ವಯಸ್ಸಿನಲ್ಲಿ ತೀರಿಹೋದ ಇಂಗ್ಲೆಂಡಿನ ಗಣಿತಜ್ಞ ಅಲನ್ ಮ್ಯಾಥಿಸನ್ ಟ್ಯೂರಿಂಗ್ ಅವರ ಬಳಿಗೆ. ಯಾವ ಯಂತ್ರವೂ ಎಲ್ಲ ಪ್ರೋಗ್ರಾಂಗಳ ಭವಿಷ್ಯವನ್ನು ಮುಂಚಿತವಾಗಿ ಹೇಳಲಾರದು ಎಂದು ಸಾಧಿಸಿದವರು ಅವರು. ಇಂದು ಸ್ಟ್ಯಾಕ್ ಎಂದು ಕರೆಯುವ ವ್ಯವಸ್ಥೆಯ ಮೊದಲ ರೂಪವನ್ನು ಕಾಗದದ ಮೇಲೆ ಮೂಡಿಸಿದವರೂ ಅವರೇ. ಈ ಮಹಾನುಭಾವರ ಕುಟುಂಬಕ್ಕೆ ಕನ್ನಡ ನಾಡಿನೊಂದಿಗೆ ಇದ್ದ ನಂಟು ಬಹುಮಂದಿಗೆ ತಿಳಿಯದ ಸಂಗತಿ.

ಬಳ್ಳಾರಿ, ತುಂಗಭದ್ರೆ ಮತ್ತು ಎಲೆಕ್ಟ್ರಾನ್

ಅಲನ್ ಅವರ ತಂದೆ ಜೂಲಿಯಸ್ ಮ್ಯಾಥಿಸನ್ ಟ್ಯೂರಿಂಗ್ ಇಂಡಿಯನ್ ಸಿವಿಲ್ ಸರ್ವೀಸ್ ಅಧಿಕಾರಿ. 1896ರಲ್ಲಿ ಭಾರತಕ್ಕೆ ಬಂದ ಅವರು ಮದ್ರಾಸ್ ಪ್ರಾಂತ್ಯದ ಸೇವೆಗೆ ಸೇರಿದರು. ಅಂದು ಆ ಪ್ರಾಂತ್ಯದ ಭಾಗವಾಗಿದ್ದ ಬಳ್ಳಾರಿ ಜಿಲ್ಲೆಯಲ್ಲಿ, ಬಳಿಕ ಕರ್ನೂಲು ಹಾಗೂ ವಿಶಾಖಪಟ್ಟಣ ಜಿಲ್ಲೆಗಳಲ್ಲಿ ಅವರು ಕೆಲಸ ಮಾಡಿದರು. ಕೃಷಿ, ನೀರಾವರಿ, ನೈರ್ಮಲ್ಯ, ಲಸಿಕೆ, ಕಂದಾಯದ ಲೆಕ್ಕಪತ್ರ ಇವೆಲ್ಲ ಅವರ ಹೊಣೆಯಾಗಿದ್ದವು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು ಬಹುಕಾಲದ ನಂತರ, 1953ರ ಅಕ್ಟೋಬರ್ 1ರಂದು. ಅದಾದ ಎಂಟು ತಿಂಗಳಿಗೆ ಅಲನ್ ತೀರಿಕೊಂಡರು.

ತಾಯಿ ಈಥೆಲ್ ಸಾರಾ ಸ್ಟೋನಿ ಜನಿಸಿದ್ದು 1881ರಲ್ಲಿ, ಇಂದಿನ ತಮಿಳುನಾಡಿನ ಪೋದನೂರಿನಲ್ಲಿ. ಆಕೆಯ ತಂದೆ ಎಡ್ವರ್ಡ್ ವಾಲರ್ ಸ್ಟೋನಿ ರೈಲ್ವೆಯ ಮುಖ್ಯ ಎಂಜಿನಿಯರ್ ಹುದ್ದೆಗೇರಿದವರು. ತುಂಗಭದ್ರಾ ನದಿಗೆ ರೈಲ್ವೆ ಸೇತುವೆ ಕಟ್ಟಿಸಿದ ಕೀರ್ತಿ ಅವರಿಗೆ ಸಲ್ಲುತ್ತದೆ. ಸದ್ದಿಲ್ಲದೆ ತಿರುಗುವ ಪಂಕಾ ಚಕ್ರವೊಂದಕ್ಕೂ ಅವರು ಪೇಟೆಂಟ್ ಪಡೆದಿದ್ದರು. ಇದೇ ಸ್ಟೋನಿ ವಂಶದ ದೂರದ ಬಂಧು ಜಾರ್ಜ್ ಜಾನ್‌ಸ್ಟೋನ್ ಸ್ಟೋನಿ 1891ರಲ್ಲಿ ವಿದ್ಯುತ್ತಿನ ಮೂಲಕಣಕ್ಕೆ ಎಲೆಕ್ಟ್ರಾನ್ ಎಂಬ ಹೆಸರನ್ನು ಸೂಚಿಸಿದವರು. ಕೋನಪ್ಪನ ಅಗ್ರಹಾರ ಮತ್ತು ದೊಡ್ಡ ತೋಗೂರಿನ ಜಮೀನಿನಲ್ಲಿ 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸ್ಥಾಪಿಸಿದ ಕೈಗಾರಿಕಾ ನಗರಿಯ ಹೆಸರಿನಲ್ಲಿ ಆ ಪದ ಇಂದಿಗೂ ಉಳಿದಿದೆ.

ಜೂಲಿಯಸ್ ಹಾಗೂ ಈಥೆಲ್ 1907ರಲ್ಲಿ ಡಬ್ಲಿನ್ ನಗರದಲ್ಲಿ ವಿವಾಹವಾದರು. ಹಿರಿಯ ಮಗ ಜಾನ್ 1908ರಲ್ಲಿ ಕೂನೂರಿನಲ್ಲಿ ಹುಟ್ಟಿದ. ದಂಪತಿ ಇಂದಿನ ಒಡಿಶಾದ ಛತ್ರಪುರದಲ್ಲಿದ್ದಾಗ ಈಥೆಲ್ ಎರಡನೇ ಬಾರಿ ಗರ್ಭವತಿಯಾದರು. ಹೆರಿಗೆಗೆ ಇಂಗ್ಲೆಂಡಿಗೆ ತೆರಳಿದ ಆಕೆ 1912ರ ಜೂನ್ 23ರಂದು ಲಂಡನ್ನಿನಲ್ಲಿ ಅಲನ್‌ಗೆ ಜನ್ಮ ನೀಡಿದರು. ಭಾರತದ ಹವೆ ಮಕ್ಕಳಿಗೆ ಒಗ್ಗದೆಂಬ ಭಯ ಅಂದಿನ ಬ್ರಿಟಿಷ್ ಅಧಿಕಾರಿಗಳ ಮನೆಗಳಲ್ಲಿ ಸಾಮಾನ್ಯವಾಗಿತ್ತು. ಹೀಗಾಗಿ ಇಬ್ಬರೂ ಮಕ್ಕಳನ್ನು ಸಮುದ್ರ ತೀರದ ಸೇಂಟ್ ಲಿಯೊನಾರ್ಡ್ಸ್ ಊರಿನಲ್ಲಿ ನಿವೃತ್ತ ಸೇನಾಧಿಕಾರಿಯೊಬ್ಬರ ಮನೆಯಲ್ಲಿ ಬಿಟ್ಟು ಹೆತ್ತವರು ಮರಳಿ ಹಡಗು ಹತ್ತಿದರು. ಜೂಲಿಯಸ್ 1926ರಲ್ಲಿ ಸೇವೆಯಿಂದ ನಿವೃತ್ತರಾಗುವವರೆಗೂ ಅಲನ್ ಪಾಲಿಗೆ ತಂದೆಯೆಂದರೆ ರಜೆಯಲ್ಲಿ ಬಂದು ಹೋಗುವ ಅತಿಥಿಯಷ್ಟೇ ಆಗಿದ್ದರು.

ಸೈಕಲ್ ಏರಿ ಶಾಲೆಗೆ

1926ರಲ್ಲಿ ಹದಿಮೂರರ ಬಾಲಕ ಷರ್‌ಬೋರ್ನ್ ಶಾಲೆಗೆ ಸೇರಬೇಕಿದ್ದ ದಿನವೇ ಬ್ರಿಟನ್ನಿನಲ್ಲಿ ಸಾರ್ವತ್ರಿಕ ಮುಷ್ಕರ ಆರಂಭವಾಗಿ ರೈಲುಗಳು ನಿಂತುಹೋದವು. ಸೌತಾಂಪ್ಟನ್ ಬಂದರಿನಲ್ಲಿಳಿದ ಬಾಲಕ ಸೈಕಲ್ ಏರಿ, ದಾರಿಯಲ್ಲಿ ಒಂದು ರಾತ್ರಿ ತಂಗಿ, ಸುಮಾರು 60 ಮೈಲಿ ದೂರದ ಶಾಲೆಯನ್ನು ಮುಟ್ಟಿದ. ಈ ಸಾಹಸ ಸ್ಥಳೀಯ ಪತ್ರಿಕೆಯಲ್ಲೂ ವರದಿಯಾಯಿತು. ಆದರೆ ಗ್ರೀಕ್, ಲ್ಯಾಟಿನ್ ಭಾಷೆಗಳಿಗೆ ಮಣೆ ಹಾಕುತ್ತಿದ್ದ ಆ ಶಾಲೆಯಲ್ಲಿ ಗಣಿತದ ಹುಚ್ಚಿನ, ಕೊಳಕು ಕೈಬರಹದ ಹುಡುಗನಿಗೆ ಮನ್ನಣೆ ಸಿಗಲಿಲ್ಲ.

ಅಲ್ಲಿ ದೊರೆತ ಏಕೈಕ ಆಪ್ತ ಗೆಳೆಯ ಕ್ರಿಸ್ಟೋಫರ್ ಮಾರ್ಕಮ್. ವಿಜ್ಞಾನದಲ್ಲಿ ಇಬ್ಬರಿಗೂ ಸಮಾನ ಆಸಕ್ತಿ. 1930ರ ಫೆಬ್ರುವರಿಯಲ್ಲಿ ಕ್ಷಯರೋಗದ ತೊಡಕಿನಿಂದ ಆ ಗೆಳೆಯ ತೀರಿಕೊಂಡಾಗ ಅಲನ್‌ಗೆ ಹದಿನೇಳು ವರ್ಷ. ದೇಹ ಅಳಿದ ಮೇಲೆ ಮನಸ್ಸು ಏನಾಗುತ್ತದೆ, ಮನಸ್ಸೆಂಬುದು ಜಡವಸ್ತುವಿನಲ್ಲಿ ನೆಲೆಸುವುದು ಹೇಗೆ ಎಂಬ ಪ್ರಶ್ನೆಗಳು ಅಂದಿನಿಂದ ಅವರನ್ನು ಬಿಡಲಿಲ್ಲ. ಯಂತ್ರ ಆಲೋಚಿಸಬಲ್ಲದೇ ಎಂಬ ಅವರ ಮುಂದಿನ ಜಿಜ್ಞಾಸೆಯ ಹಿಂದೆ ಈ ವಿಯೋಗದ ನೆರಳನ್ನು ಜೀವನಚರಿತ್ರೆಕಾರರು ಗುರುತಿಸಿದ್ದಾರೆ.

ನಿರ್ಣಯಿಸಲಾಗದ ಪ್ರಶ್ನೆ

1931ರಲ್ಲಿ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜು ಸೇರಿದ ಟ್ಯೂರಿಂಗ್ 1935ರಲ್ಲಿ, ಇಪ್ಪತ್ತೆರಡನೇ ವಯಸ್ಸಿಗೇ ಅಲ್ಲಿನ ಫೆಲೋ ಆಗಿ ಆಯ್ಕೆಯಾದರು. ಜರ್ಮನಿಯ ಗಣಿತಜ್ಞ ಡೇವಿಡ್ ಹಿಲ್ಬರ್ಟ್ ಮುಂದಿಟ್ಟಿದ್ದ ಒಂದು ಸವಾಲು ಅವರ ಕಿವಿಗೆ ಬಿದ್ದದ್ದು ಇದೇ ಅವಧಿಯಲ್ಲಿ. ಯಾವುದೇ ಗಣಿತ ಹೇಳಿಕೆ ಸಾಧಿಸಲು ಸಾಧ್ಯವೋ ಇಲ್ಲವೋ ಎಂಬುದನ್ನು ಯಾಂತ್ರಿಕ ಕ್ರಮದಿಂದ ತೀರ್ಮಾನಿಸಬಹುದೇ ಎಂಬುದು ಆ ಸವಾಲು.

ಯಾಂತ್ರಿಕ ಕ್ರಮ ಎಂದರೆ ನಿಖರವಾಗಿ ಏನು ಎಂಬುದನ್ನು ಹೇಳದೆ ಉತ್ತರ ಸಾಧ್ಯವಿರಲಿಲ್ಲ. ಟ್ಯೂರಿಂಗ್ ಒಂದು ಕಾಲ್ಪನಿಕ ಯಂತ್ರವನ್ನು ರೂಪಿಸಿದರು. ಚೌಕಗಳಾಗಿ ವಿಂಗಡಿಸಿದ ಕೊನೆಯಿಲ್ಲದ ಪಟ್ಟಿ, ಒಮ್ಮೆಗೆ ಒಂದು ಚೌಕವನ್ನು ಓದಿ ಬರೆಯುವ ತಲೆ, ಮುಂದೇನು ಮಾಡಬೇಕೆಂದು ಹೇಳುವ ನಿಯಮಗಳ ಕೋಷ್ಟಕ ಇಷ್ಟೇ ಅದರ ಅಂಗಗಳು. ಬೇರೆ ಯಾವುದೇ ಯಂತ್ರದ ನಿಯಮಗಳನ್ನು ಪಟ್ಟಿಯ ಮೇಲೆ ಬರೆದುಕೊಟ್ಟರೆ ಅದರಂತೆಯೇ ವರ್ತಿಸುವ ಸಾರ್ವತ್ರಿಕ ಯಂತ್ರವೂ ಸಾಧ್ಯ ಎಂದು ಅವರು ತೋರಿಸಿದರು. ಪ್ರೋಗ್ರಾಮನ್ನೇ ದತ್ತಾಂಶದಂತೆ ಓದಬಲ್ಲ ಆಧುನಿಕ ಕಂಪ್ಯೂಟರಿನ ತಾತ್ವಿಕ ನಕ್ಷೆ ಇದು. 1936ರಲ್ಲಿ ಸಿದ್ಧವಾದ ಈ ಪ್ರಬಂಧ ಲಂಡನ್ ಮ್ಯಾಥಮೆಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಪ್ರಬಂಧದ ತಿರುಳು ಮಾತ್ರ ನಿರಾಕರಣೆ. ಎಲ್ಲ ಯಂತ್ರಗಳ ನಿಯಮಗಳನ್ನೂ ಓದಿ ಅವುಗಳ ಮುಂದಿನ ನಡವಳಿಕೆಯನ್ನು ತಪ್ಪಿಲ್ಲದೆ ಹೇಳುವ ಮೇಲ್ವಿಚಾರಕ ಯಂತ್ರ ಇರಲಾರದು ಎಂದು ಅವರು ಸಾಧಿಸಿದರು. ಅಂಥದ್ದೊಂದಿದೆ ಎಂದು ಭಾವಿಸಿ ಅದನ್ನು ಅದರದೇ ವಿವರಣೆಯ ಮೇಲೆ ಪ್ರಯೋಗಿಸಿದರೆ ವಿರೋಧಾಭಾಸ ಹುಟ್ಟುತ್ತದೆ. ಒಂದು ಪ್ರೋಗ್ರಾಂ ಓಡುವಾಗ ಗರಿಷ್ಠ ಎಷ್ಟು ಸ್ಮರಣೆ ಬೇಡೀತು ಎಂಬ ಪ್ರಶ್ನೆಗೆ ಎಲ್ಲ ಸಂದರ್ಭಗಳಿಗೂ ಸಲ್ಲುವ ಉತ್ತರವನ್ನು ಕಂಪೈಲರ್ ನೀಡಲಾರದಿರುವುದೂ ಇದೇ ಕಾರಣಕ್ಕೆ. ತನ್ನನ್ನು ತಾನೇ ಕರೆಯುವ ಫಂಕ್ಷನ್ ಎಷ್ಟು ಆಳಕ್ಕೆ ಇಳಿದೀತು ಎಂಬುದು ಓಡಿದ ಮೇಲಷ್ಟೇ ಗೊತ್ತಾಗುವ ಸಂದರ್ಭಗಳು ಅನೇಕ.

ಯುದ್ಧದ ಗುಟ್ಟು

1936ರಿಂದ 1938ರವರೆಗೆ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿದ್ದು ಅಲೊಂಜೊ ಚರ್ಚ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಗಳಿಸಿದ ಟ್ಯೂರಿಂಗ್ ಸ್ವದೇಶಕ್ಕೆ ಮರಳಿದರು. ಬ್ರಿಟನ್ ಯುದ್ಧ ಸಾರಿದ ಮರುದಿನ, 1939ರ ಸೆಪ್ಟೆಂಬರ್ 4ರಂದು ಬ್ಲೆಚ್ಲಿ ಪಾರ್ಕ್‌ನ ಸಂಕೇತ ಭೇದನ ಕೇಂದ್ರಕ್ಕೆ ಹಾಜರಾದರು. ಜರ್ಮನಿಯ ಎನಿಗ್ಮಾ ಸಂಕೇತ ಯಂತ್ರವನ್ನು ಭೇದಿಸುವಲ್ಲಿ ಪೋಲೆಂಡಿನ ಗಣಿತಜ್ಞರು ಅದಾಗಲೇ ದಾರಿ ತೋರಿದ್ದರು. ಟ್ಯೂರಿಂಗ್ ವಿನ್ಯಾಸಗೊಳಿಸಿ ಗಾರ್ಡನ್ ವೆಲ್ಚ್‌ಮನ್ ಸುಧಾರಿಸಿದ ಬಾಂಬ್ ಎಂಬ ಹೆಸರಿನ ಯಂತ್ರ 1940ರಲ್ಲಿ ಕೆಲಸ ಶುರುಮಾಡಿತು. ಅಟ್ಲಾಂಟಿಕ್‌ನಲ್ಲಿ ಸರಕು ಹಡಗುಗಳನ್ನು ಮುಳುಗಿಸುತ್ತಿದ್ದ ಜಲಾಂತರ್ಗಾಮಿಗಳ ಸಂದೇಶಗಳನ್ನು ಬಿಡಿಸಿದ ಎಂಟನೇ ಗುಡಿಸಲಿನ ತಂಡಕ್ಕೆ ಅವರೇ ಮುಖ್ಯಸ್ಥರಾಗಿದ್ದರು. ಈ ಸೇವೆಗೆ ಯುದ್ಧಾನಂತರ ಒಬಿಇ ಗೌರವ ಸಂದಿತಾದರೂ ಮಾಡಿದ ಕೆಲಸವೇನೆಂಬುದು 1970ರ ದಶಕದವರೆಗೂ ಹೊರಜಗತ್ತಿಗೆ ತಿಳಿಯಲಿಲ್ಲ.

ಹೂಳುವುದು, ಹೊರತೆಗೆಯುವುದು

1945ರ ಅಕ್ಟೋಬರ್‌ನಲ್ಲಿ ಟ್ಯೂರಿಂಗ್ ಲಂಡನ್ ಬಳಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ ಸೇರಿದರು. ಕಾಗದದ ಮೇಲಿನ ಸಾರ್ವತ್ರಿಕ ಯಂತ್ರಕ್ಕೆ ವಿದ್ಯುನ್ಮಾನ ದೇಹ ಕೊಡುವುದು ಅವರ ಗುರಿಯಾಗಿತ್ತು. ಎಸಿಇ ಎಂಬ ಹೆಸರಿನ ಆ ಗಣಕದ ವಿಸ್ತೃತ ಯೋಜನಾ ವರದಿ 1946ರ ಮಾರ್ಚ್‌ನಲ್ಲಿ ಪ್ರಯೋಗಾಲಯದ ಕಾರ್ಯಕಾರಿ ಸಮಿತಿಯ ಮುಂದೆ ಬಂತು. ಸ್ಮರಣೆಗೆ ಅವರು ಆಯ್ದದ್ದು ಪಾದರಸ ತುಂಬಿದ ಕೊಳವೆಗಳು. ಪ್ರತಿ ಕೊಳವೆಯಲ್ಲಿ 1,024 ಬಿಟ್‌ಗಳು ಶಬ್ದದ ಅಲೆಗಳಾಗಿ ಸುತ್ತುತ್ತಿರಬೇಕು. ಅಂಥ 200 ಕೊಳವೆಗಳೆಂದರೆ ಇಂದಿನ ಲೆಕ್ಕದಲ್ಲಿ 25 ಕಿಲೋಬೈಟ್. ಎಲೆಕ್ಟ್ರಾನಿಕ್ ಸಿಟಿಯ ಎಂಜಿನಿಯರುಗಳು ಈಗಲೂ ಸೆಣಸುವ ಅಗ್ಗದ ನಿಯಂತ್ರಕ ಚಿಪ್‌ಗಳ ಪೈಕಿ ಕೆಲವಕ್ಕೆ ಇರುವುದು 20 ಕಿಲೋಬೈಟ್ ಸ್ಮರಣೆ ಎಂಬುದನ್ನು ನೆನೆದರೆ ಆ ಕನಸಿನ ಗಾತ್ರ ಮನವರಿಕೆಯಾದೀತು.

ಆ ವರದಿಯಲ್ಲಿ ಒಂದು ಪ್ರಾಯೋಗಿಕ ಸಮಸ್ಯೆಯನ್ನು ಟ್ಯೂರಿಂಗ್ ಎದುರಿಸುತ್ತಾರೆ. ದೊಡ್ಡ ಲೆಕ್ಕವೊಂದರ ನಡುವೆ ಚಿಕ್ಕದೊಂದು ಉಪಲೆಕ್ಕಕ್ಕೆ ಹೋಗಬೇಕಾಗುತ್ತದೆ. ಅದು ಮುಗಿದ ಮೇಲೆ ಎಲ್ಲಿಗೆ ಮರಳಬೇಕೆಂಬುದು ಯಂತ್ರಕ್ಕೆ ನೆನಪಿರಬೇಕು. ಉಪಲೆಕ್ಕದೊಳಗೆ ಮತ್ತೊಂದು ಉಪಲೆಕ್ಕ ಬಂದರೆ ಒಂದೇ ಚೀಟಿ ಸಾಲದು. ಮರಳಬೇಕಾದ ಜಾಗದ ಟಿಪ್ಪಣಿಯನ್ನು ಸ್ಮರಣೆಯಲ್ಲಿ ಹೂತಿಡುವುದು, ಕೆಲಸ ಮುಗಿದೊಡನೆ ಕೊನೆಯದಾಗಿ ಹೂತದ್ದನ್ನು ಮೊದಲು ಹೊರತೆಗೆಯುವುದು ಅವರು ಸೂಚಿಸಿದ ಪರಿಹಾರ. ಈ ಎರಡು ಕ್ರಿಯೆಗಳಿಗೆ ಬರಿ ಮತ್ತು ಅನ್‌ಬರಿ ಎಂದು ಅವರು ಹೆಸರಿಟ್ಟರು.

ಹೋಟೆಲಿನಲ್ಲಿ ತೊಳೆದು ಪೇರಿಸಿಟ್ಟ ತಟ್ಟೆಗಳನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮೇಲಿಟ್ಟ ತಟ್ಟೆಯೇ ಮೊದಲು ಕೈಗೆ ಸಿಗುತ್ತದೆ. ಈ ಪೇರಿಯೇ ಸ್ಟ್ಯಾಕ್. 1950ರ ದಶಕದಲ್ಲಿ ಜರ್ಮನಿಯ ಫ್ರೀಡ್ರಿಕ್ ಬೌವರ್ ಮತ್ತು ಕ್ಲಾಸ್ ಸಾಮೆಲ್ಸನ್ ಇದನ್ನು ಸ್ವತಂತ್ರವಾಗಿ ರೂಪಿಸಿ ಪೇಟೆಂಟ್ ಕೋರಿದರು. ಆಸ್ಟ್ರೇಲಿಯಾದ ಚಾರ್ಲ್ಸ್ ಹ್ಯಾಂಬ್ಲಿನ್ ಕೂಡ ಇದೇ ವಿಚಾರಕ್ಕೆ ಬಂದರು. ಆದರೆ ಮೊದಲ ಬರಹ ಟ್ಯೂರಿಂಗ್ ಅವರದು. ದುರ್ದೈವವೆಂದರೆ ಕಚೇರಿಯ ವಿಳಂಬದಿಂದ ಬೇಸತ್ತು ಅವರು ಎಸಿಇ ಯೋಜನೆಯನ್ನು ತೊರೆದರು. ಅದರ ಕಿರು ಆವೃತ್ತಿ 1950ರ ಮೇ ತಿಂಗಳಲ್ಲಿ ಚಾಲನೆಗೊಂಡಾಗ ಅವರು ಅಲ್ಲಿರಲಿಲ್ಲ.

ಮ್ಯಾಂಚೆಸ್ಟರಿನ ಮೂರು ಪುಟ

1948ರಲ್ಲಿ ಟ್ಯೂರಿಂಗ್ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿನ ಗಣಕಕ್ಕೆ ಪ್ರೋಗ್ರಾಂ ಬರೆಯುವವರಿಗಾಗಿ ಅವರು ಕೈಪಿಡಿ ರಚಿಸಿದರು. ಟೆಲಿಪ್ರಿಂಟರಿನ ಅಕ್ಷರಗಳನ್ನೇ ಅಂಕಿಗಳಾಗಿಸಿಕೊಂಡು, 32ರ ಆಧಾರದ ಸಂಖ್ಯೆಗಳನ್ನು ಹಿಂದುಮುಂದಾಗಿ ಬರೆಯುವ ಪದ್ಧತಿ ಅದು. ಇತರರು ತಿಣುಕಾಡುತ್ತಿದ್ದರೂ ಅವರು ಅದನ್ನು ಸಲೀಸಾಗಿ ಓದುತ್ತಿದ್ದರು. ಇದೇ ಗಣಕಕ್ಕೆ 1952ರಲ್ಲಿ ಅಲಿಕ್ ಗ್ಲೆನಿ ಆಟೊಕೋಡ್ ಎಂಬ ಆರಂಭಿಕ ಕಂಪೈಲರ್ ರಚಿಸಿದರು. ಅಮೆರಿಕದಲ್ಲಿ ಗ್ರೇಸ್ ಹಾಪರ್ ಕೂಡ ಅದೇ ಅವಧಿಯಲ್ಲಿ ಈ ಹಾದಿಯಲ್ಲಿದ್ದರು. ಯಂತ್ರಭಾಷೆಯಲ್ಲೇ ನಿರಾಯಾಸವಾಗಿದ್ದ ಟ್ಯೂರಿಂಗ್ ಇದರತ್ತ ಹೆಚ್ಚು ಗಮನ ಹರಿಸಲಿಲ್ಲ.

ಆದರೆ ಇದಕ್ಕೂ ಮುನ್ನ, 1949ರ ಜೂನ್‌ನಲ್ಲಿ ಕೇಂಬ್ರಿಜ್ ಸಮ್ಮೇಳನದಲ್ಲಿ ಅವರು ಮಂಡಿಸಿದ ಮೂರು ಪುಟಗಳ ಪ್ರಬಂಧ ಈ ಕಥೆಗೆ ಅತಿ ಮುಖ್ಯ. ದೊಡ್ಡ ಪ್ರೋಗ್ರಾಂ ಸರಿಯಾಗಿದೆ ಎಂದು ನಂಬುವುದು ಹೇಗೆ ಎಂಬುದು ಅದರ ವಿಷಯ. ಉದ್ದನೆಯ ಕೂಡುವ ಲೆಕ್ಕದಲ್ಲಿ ಪ್ರತಿ ಕಂಬಸಾಲಿನ ದಶಕವನ್ನು ಬರೆದಿಟ್ಟರೆ ತಪಾಸಣೆ ಮಾಡುವವರಿಗೆ ಕೆಲಸ ಹಗುರ. ಅಂತೆಯೇ ಪ್ರೋಗ್ರಾಮಿನ ಆಯಾ ಹಂತದಲ್ಲಿ ಯಾವ ಸಂಗತಿ ನಿಜವಾಗಿರಬೇಕೆಂದು ಬರೆದವನೇ ಘೋಷಿಸಬೇಕು, ಆಗ ಒಂದೊಂದು ಘೋಷಣೆಯನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬಹುದು ಎಂದು ಟ್ಯೂರಿಂಗ್ ಪ್ರತಿಪಾದಿಸಿದರು. ಪ್ರೋಗ್ರಾಂ ಎಂದಾದರೂ ನಿಲ್ಲುತ್ತದೆ ಎಂದು ತೋರಿಸಲು ಹೆಜ್ಜೆಹೆಜ್ಜೆಗೂ ಇಳಿಯುವ ಒಂದು ಪರಿಮಾಣವನ್ನು ಹೆಸರಿಸಬೇಕೆಂದೂ ಹೇಳಿದರು. 1960ರ ದಶಕದಲ್ಲಿ ರಾಬರ್ಟ್ ಫ್ಲಾಯ್ಡ್ ಮತ್ತು ಟೋನಿ ಹೋರ್ ಈ ವಿಚಾರಗಳನ್ನು ಹೊಸದಾಗಿ ಕಟ್ಟಿ ಬೆಳೆಸಿದರು. ಟ್ಯೂರಿಂಗ್ ಅವರ ಮೂರು ಪುಟಗಳು ಬಹುಕಾಲ ಮರೆವಿಗೆ ಸಂದಿದ್ದವು.

1936ರ ಪ್ರಬಂಧ ಎಲ್ಲವನ್ನೂ ಯಂತ್ರ ಹೇಳಲಾರದು ಎಂದಿತು. 1949ರ ಪ್ರಬಂಧ ಹಾಗಾದರೆ ಮನುಷ್ಯ ಏನು ಮಾಡಬೇಕು ಎಂಬುದನ್ನು ಹೇಳಿತು. ಎರಡನ್ನೂ ಜೋಡಿಸಿ ಓದಿದಾಗ ಮಾತ್ರ ಆರಂಭದಲ್ಲಿ ಹೇಳಿದ ಷರಾದ ಮಹತ್ವ ತಿಳಿಯುತ್ತದೆ.

ಮುಚ್ಚಿದ ಲಕೋಟೆ

ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನು ಕಂಪೈಲರ್ ಸಾಲುಸಾಲಾಗಿ ಅರ್ಥೈಸಿಕೊಳ್ಳುತ್ತದೆ. ಯಾವ ಫಂಕ್ಷನ್ನಿಗೆ ಸ್ಟ್ಯಾಕ್‌ನಲ್ಲಿ ಎಷ್ಟು ಜಾಗ ಎಂಬುದನ್ನು ಹಂಚುವುದು ಅದೇ ಆದ್ದರಿಂದ ಲೆಕ್ಕವೂ ಅದರ ಬಳಿಯೇ ಇರುತ್ತದೆ. ಆದರೆ ಇಂಟರಪ್ಟ್ ತಡೆಯುವುದು, ಒಂದು ಕಾರ್ಯದಿಂದ ಮತ್ತೊಂದಕ್ಕೆ ಪ್ರೊಸೆಸರನ್ನು ಹೊರಳಿಸುವುದು ಮುಂತಾದ ಕೆಲಸಗಳಿಗೆ ಸಿ ಭಾಷೆ ಸಾಲದು. ಆಗ ಎಂಜಿನಿಯರ್ ನಡುವೆ ಕೆಲವು ಸಾಲು ಅಸೆಂಬ್ಲಿ ಬರೆಯುತ್ತಾರೆ. ಇದೇ ಇನ್‌ಲೈನ್ ಅಸೆಂಬ್ಲಿ. ಅಂಚೆಯವನು ಮುಚ್ಚಿದ ಲಕೋಟೆಯನ್ನು ತೆರೆಯದೆ ಮುಟ್ಟಿಸುವಂತೆ ಜಿಸಿಸಿ ಆ ಸಾಲುಗಳ ಅರ್ಥ ನೋಡದೆ ಅಸೆಂಬ್ಲರಿಗೆ ದಾಟಿಸುತ್ತದೆ. ಯಾವ ರಿಜಿಸ್ಟರು ಬದಲಾಗುತ್ತದೆ, ಸ್ಮರಣೆಗೆ ಕೈ ಹಚ್ಚಲಾಗಿದೆಯೇ ಎಂಬುದನ್ನು ಬರೆದವರೇ ಲಕೋಟೆಯ ಮೇಲೆ ನಮೂದಿಸಬೇಕು. ಎಷ್ಟು ಸ್ಟ್ಯಾಕ್ ಬಳಸಿದೆ ಎಂದು ನಮೂದಿಸಲು ಅಲ್ಲಿ ಅಂಕಣವೇ ಇಲ್ಲ. ಹೊರಬರುವಾಗ ಸ್ಟ್ಯಾಕ್ ಸೂಚಿ ಮೊದಲಿದ್ದಲ್ಲೇ ಇರಬೇಕು ಎಂಬುದಷ್ಟೇ ಕಂಪೈಲರಿನ ಷರತ್ತು.

ವರದಿಯಲ್ಲಿ 16 ಬೈಟ್ ಎಂದಿರುವ ಫಂಕ್ಷನ್ ಒಂದನ್ನು ಊಹಿಸಿಕೊಳ್ಳಬಹುದು. ಅದರೊಳಗಿನ ಅಸೆಂಬ್ಲಿ ಸಾಲು ನಾಲ್ಕು ಬೈಟಿನ ನಾಲ್ಕು ರಿಜಿಸ್ಟರುಗಳನ್ನು ಸ್ಟ್ಯಾಕ್‌ಗೆ ತಳ್ಳಿದರೆ ನಿಜವಾದ ಬಳಕೆ 32 ಬೈಟ್ ಆಗುತ್ತದೆ. ಆ ಸಾಲುಗಳೊಳಗಿಂದ ಬೇರೊಂದು ಫಂಕ್ಷನ್ನನ್ನು ಕರೆದಿದ್ದರೆ ಅದರ ಬಳಕೆಯೂ ಕರೆಗಳ ನಕ್ಷೆಯಿಂದ ತಪ್ಪಿಹೋಗುತ್ತದೆ. ಸ್ಟ್ಯಾಕ್ ತನ್ನ ಗಡಿ ಮೀರಿದರೆ ಪಕ್ಕದ ಸ್ಮರಣೆಯ ಮೇಲೆ ಬರೆಯುತ್ತದೆ. ಆಗ ಅಲ್ಲಿರುವುದು ಮೋಟಾರಿನ ವೇಗವೋ ಔಷಧದ ಪ್ರಮಾಣವೋ ಹೇಳಬರುವುದಿಲ್ಲ.

ವಿಚಿತ್ರವೆಂದರೆ ಷರಾ ಬಿದ್ದ ಫಂಕ್ಷನ್‌ಗಳಲ್ಲಿ ಅನೇಕ ನಿರುಪದ್ರವಿಗಳು. ಎಆರ್‌ಎಂ ಚಿಪ್‌ಗಳ ಸಿದ್ಧ ಕಡತಗಳಲ್ಲಿ ಒಂದೇ ಒಂದು ಸೂಚನೆಯುಳ್ಳ, ಸ್ಟ್ಯಾಕ್ ಮುಟ್ಟದ ಅಸೆಂಬ್ಲಿ ಸಾಲುಗಳಿರುತ್ತವೆ. ಅವಕ್ಕೂ ಇದೇ ಷರಾ. ನೂರು ನಿರುಪದ್ರವಿ ಸಾಲುಗಳ ನಡುವೆ ಅಪಾಯದ ಒಂದು ಸಾಲು ಅಡಗಿ ಕುಳಿತರೆ ಕಣ್ಣು ಅದರ ಮೇಲೂ ಜಾರಿಬಿಡುತ್ತದೆ.

ಇದರ ಬೆಲೆ ಎಷ್ಟೆಂಬುದು ಅಮೆರಿಕದ ಒಂದು ನ್ಯಾಯಾಲಯದಲ್ಲಿ ಚರ್ಚೆಗೆ ಬಂತು. 2005ರ ಮಾದರಿಯ ಟೊಯೋಟಾ ಕ್ಯಾಮ್ರಿ ಕಾರಿನ ಅಪಘಾತದ ಕುರಿತು ಒಕ್ಲಹೋಮದಲ್ಲಿ 2013ರಲ್ಲಿ ನಡೆದ ವಿಚಾರಣೆಯಲ್ಲಿ ಫಿರ್ಯಾದುದಾರರ ಪರ ತಜ್ಞ ಮೈಕೆಲ್ ಬಾರ್ ಸಾಕ್ಷ್ಯ ನುಡಿದರು. ಸ್ಟ್ಯಾಕ್ ಬಳಕೆ ಶೇ 41 ಎಂದು ಕಂಪನಿ ಲೆಕ್ಕ ಹಾಕಿತ್ತು, ಆದರೆ ಪಾಯಿಂಟರ್ ಮೂಲಕ ನಡೆಯುವ ಕರೆಗಳು ಹಾಗೂ ಲೈಬ್ರರಿ ಮತ್ತು ಅಸೆಂಬ್ಲಿ ಫಂಕ್ಷನ್‌ಗಳು ಲೆಕ್ಕದಿಂದ ಬಿಟ್ಟುಹೋಗಿದ್ದು ವಾಸ್ತವ ಬಳಕೆ ಶೇ 94ರಷ್ಟಿತ್ತು ಎಂಬುದು ಅವರ ವಾದ. ಕಂಪನಿ ದೋಷವನ್ನು ನಿರಾಕರಿಸಿತು. ಅದಕ್ಕೂ ಮೊದಲು 2011ರಲ್ಲಿ ನಾಸಾ ನಡೆಸಿದ ಅಧ್ಯಯನ ಇಂಥ ಅಪಘಾತಗಳಿಗೆ ವಿದ್ಯುನ್ಮಾನ ದೋಷ ಕಾರಣವೆಂಬುದಕ್ಕೆ ಪುರಾವೆ ಕಂಡಿರಲಿಲ್ಲ. ಆದರೂ ತೀರ್ಪುಗಾರರ ಮಂಡಳಿ ಕಂಪನಿಯ ವಿರುದ್ಧ ತೀರ್ಮಾನ ನೀಡಿತು. ಬಳಿಕ ಪ್ರಕರಣ ರಾಜಿಯಲ್ಲಿ ಮುಗಿಯಿತು.

ಇದಕ್ಕೆ ಪರಿಹಾರಗಳಿಲ್ಲದಿಲ್ಲ. ಅಸೆಂಬ್ಲಿ ಸಾಲುಗಳನ್ನು ಒಂದೊಂದಾಗಿ ಓದಿ ಅವು ಬಳಸುವ ಬೈಟುಗಳನ್ನು ಪಕ್ಕದಲ್ಲೇ ಬರೆದಿಡುವುದು ಮೊದಲನೆಯದು. ಸಿದ್ಧಗೊಂಡ ಯಂತ್ರಸಂಕೇತವನ್ನೇ ಓದಿ ಲೆಕ್ಕ ಹಾಕುವ ಉಪಕರಣಗಳನ್ನು ಬಳಸುವುದು ಎರಡನೆಯದು. ಸ್ಟ್ಯಾಕ್ ಜಾಗವನ್ನೆಲ್ಲ ಮೊದಲೇ ಒಂದು ಗುರುತಿನ ಸಂಖ್ಯೆಯಿಂದ ತುಂಬಿ, ದಿನಗಟ್ಟಲೆ ಓಡಿಸಿ, ಎಲ್ಲಿಯವರೆಗೆ ಅಳಿಸಿದೆ ಎಂದು ನೋಡುವುದು ಮೂರನೆಯದು. ವಿಮಾನ ತಂತ್ರಾಂಶದ ಡಿಒ-178ಸಿ ಮಾನದಂಡ ಸ್ಟ್ಯಾಕ್ ಬಳಕೆಯ ಪರಿಶೀಲನೆಯನ್ನು ಹೆಸರಿಸಿಯೇ ಕೇಳುತ್ತದೆ. ಮೊದಲನೆಯ ಪರಿಹಾರ ಟ್ಯೂರಿಂಗ್ 1949ರಲ್ಲಿ ಹೇಳಿದ ಮಾತೇ ಆಗಿದೆ. ಯಂತ್ರಕ್ಕೆ ಕಾಣದ್ದನ್ನು ಬರೆದವನೇ ಘೋಷಿಸಬೇಕು, ಮತ್ತೊಬ್ಬ ಅದನ್ನು ಪರೀಕ್ಷಿಸಬೇಕು.

ಕೊನೆಯ ಎರಡು ವರ್ಷ

ಮ್ಯಾಂಚೆಸ್ಟರಿನಲ್ಲಿ ಟ್ಯೂರಿಂಗ್ ಸುಮ್ಮನಿರಲಿಲ್ಲ. 1950ರಲ್ಲಿ ಯಂತ್ರದ ಬುದ್ಧಿಮತ್ತೆಯನ್ನು ಸಂಭಾಷಣೆಯ ಮೂಲಕ ಅಳೆಯುವ ಪರೀಕ್ಷೆಯನ್ನು ಮಂಡಿಸಿದರು. 1951ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಜೀವಿಗಳ ಮೈಮೇಲಿನ ಪಟ್ಟೆ, ಚುಕ್ಕೆಗಳು ಹೇಗೆ ಮೂಡುತ್ತವೆಂಬುದಕ್ಕೆ 1952ರಲ್ಲಿ ರಾಸಾಯನಿಕ ಸಮೀಕರಣಗಳನ್ನು ಕೊಟ್ಟರು. ದೂರದ ಓಟದಲ್ಲೂ ಅವರು ಪರಿಣತರು. 1947ರಲ್ಲಿ ಮ್ಯಾರಥಾನನ್ನು 2 ಗಂಟೆ 46 ನಿಮಿಷಗಳಲ್ಲಿ ಮುಗಿಸಿದ್ದರು.

1952ರ ಜನವರಿಯಲ್ಲಿ ಅವರ ಮನೆಯಲ್ಲಿ ಕಳ್ಳತನವಾಯಿತು. ದೂರು ನೀಡಲು ಹೋದ ಟ್ಯೂರಿಂಗ್ ತನಿಖೆಯ ವೇಳೆ ಯುವಕನೊಬ್ಬನೊಂದಿಗೆ ತಮಗಿದ್ದ ಸಂಬಂಧವನ್ನು ಮರೆಮಾಚದೆ ಹೇಳಿದರು. ಪುರುಷರ ನಡುವಣ ಸಂಬಂಧ ಅಂದು ಬ್ರಿಟನ್ನಿನಲ್ಲಿ ಅಪರಾಧ. ದೂರುದಾರರೇ ಆರೋಪಿಯಾದರು. ಮಾರ್ಚ್ 31ರಂದು ಶಿಕ್ಷೆ ಪ್ರಕಟವಾಯಿತು. ಸೆರೆವಾಸದ ಬದಲು ಒಂದು ವರ್ಷ ಕಾಲ ಹಾರ್ಮೋನ್ ಚಿಕಿತ್ಸೆಗೆ ಒಳಗಾಗಲು ಅವರು ಒಪ್ಪಿದರು. ಅದು ದೇಹವನ್ನು ವಿಕಾರಗೊಳಿಸುವ ರಾಸಾಯನಿಕ ದಂಡನೆಯಾಗಿತ್ತು. ಯುದ್ಧಕಾಲದಲ್ಲಿ ದೇಶದ ಅತಿ ದೊಡ್ಡ ಗುಟ್ಟನ್ನು ಕಾದವರಿಗೆ ಗುಪ್ತ ಕೆಲಸದ ಅನುಮತಿಯೂ ತಪ್ಪಿತು.

1954ರ ಜೂನ್ 8ರಂದು ಮನೆಗೆಲಸದಾಕೆ ಬಂದು ನೋಡಿದಾಗ ಟ್ಯೂರಿಂಗ್ ಹಾಸಿಗೆಯಲ್ಲಿ ಶವವಾಗಿದ್ದರು. ಸಾವು ಹಿಂದಿನ ದಿನ ಸಂಭವಿಸಿತ್ತು. ಸಯನೈಡ್ ಕಾರಣ ಎಂದು ಪರೀಕ್ಷೆ ತಿಳಿಸಿತು. ಮಂಚದ ಬಳಿ ಅರ್ಧ ತಿಂದ ಸೇಬು ಇತ್ತು, ಅದನ್ನು ಪರೀಕ್ಷೆಗೆ ಒಳಪಡಿಸಲಿಲ್ಲ. ವಿಚಾರಣೆ ಆತ್ಮಹತ್ಯೆ ಎಂದು ತೀರ್ಮಾನಿಸಿತು. ಮನೆಯಲ್ಲೇ ರಾಸಾಯನಿಕ ಪ್ರಯೋಗ ನಡೆಸುತ್ತಿದ್ದ ಮಗನ ಸಾವು ಆಕಸ್ಮಿಕವೆಂದೇ ತಾಯಿ ಕೊನೆಯವರೆಗೂ ನಂಬಿದರು. ಪೋದನೂರಿನಲ್ಲಿ ಹುಟ್ಟಿದ ಆ ತಾಯಿ ಮಗನ ಜೀವನಚರಿತ್ರೆಯನ್ನು ತಾವೇ ಬರೆದು 1959ರಲ್ಲಿ ಪ್ರಕಟಿಸಿದರು.

ತಡವಾಗಿ ಬಂದ ನ್ಯಾಯ

ಬ್ರಿಟಿಷ್ ಸರ್ಕಾರದ ಪರವಾಗಿ ಪ್ರಧಾನಿ ಗಾರ್ಡನ್ ಬ್ರೌನ್ 2009ರಲ್ಲಿ ಕ್ಷಮೆ ಯಾಚಿಸಿದರು. 2013ರ ಡಿಸೆಂಬರ್‌ನಲ್ಲಿ ರಾಣಿಯ ಕ್ಷಮಾದಾನ ಹೊರಬಿತ್ತು. 2021ರ ಜೂನ್ 23ರಂದು, ಅವರ ಜನ್ಮದಿನದಂದೇ, ಅವರ ಚಿತ್ರವಿರುವ 50 ಪೌಂಡ್ ನೋಟು ಚಲಾವಣೆಗೆ ಬಂತು. ಗಣಕ ವಿಜ್ಞಾನದ ಅತ್ಯುನ್ನತ ಪ್ರಶಸ್ತಿ 1966ರಿಂದಲೂ ಅವರ ಹೆಸರಿನಲ್ಲಿದೆ. ಬ್ರಿಟಿಷರು ಭಾರತಕ್ಕೆ ಬಿಟ್ಟುಹೋಗಿದ್ದ ಇದೇ ಬಗೆಯ ದಂಡನೆಯ ಕಲಮು ವಯಸ್ಕರ ಸಮ್ಮತಿಯ ಸಂಬಂಧಗಳಿಗೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತದ್ದು 2018ರ ಸೆಪ್ಟೆಂಬರ್ 6ರಂದು.

ಪೀಣ್ಯದ ಕೈಗಾರಿಕಾ ಶೆಡ್‌ಗಳಲ್ಲಿ ತಯಾರಾದ ಆರ್ಯಭಟ ಉಪಗ್ರಹ 1975ರಲ್ಲಿ ಗಗನಕ್ಕೇರಿದಾಗಿನಿಂದ ಈ ನಗರದ ಹೊರವಲಯ ಮನುಷ್ಯನ ಕೈಗೆ ಎಟುಕದ ಯಂತ್ರಗಳಿಗೆ ಬುದ್ಧಿ ತುಂಬುತ್ತಲೇ ಬಂದಿದೆ. ಇಂದು ಅಲ್ಲಿ ಸಿದ್ಧವಾಗುವ ಪ್ರೋಗ್ರಾಂ ನಾಳೆ ಯಾರದೋ ಕಾರಿನಲ್ಲಿ, ಯಾರದೋ ಹಾಸಿಗೆಯ ಪಕ್ಕದ ಸಾಧನದಲ್ಲಿ ಓಡುತ್ತದೆ. ವರದಿಯ ಕೊನೆಯ ಆ ಚಿಕ್ಕ ಷರಾವನ್ನು ಕಂಡು ಮುಂದೆ ಸಾಗುವುದೋ, ನಿಂತು ಅಸೆಂಬ್ಲಿಯ ನಾಲ್ಕು ಸಾಲುಗಳನ್ನು ಓದುವುದೋ ಎಂಬ ಆಯ್ಕೆ ಪರದೆಯ ಮುಂದೆ ಕುಳಿತವರದು. ತನಗೆ ತಿಳಿಯದ್ದನ್ನು ತಿಳಿಯದೆಂದು ಹೇಳುವ ಪ್ರಾಮಾಣಿಕತೆಯನ್ನು ಕಂಪೈಲರ್ ತೋರಿದೆ. ಉಳಿದ ಕೆಲಸ ಮನುಷ್ಯರದು ಎಂಬುದನ್ನು ಬಳ್ಳಾರಿಯಲ್ಲಿ ದುಡಿದ ಅಧಿಕಾರಿಯ ಮಗ 1949ರಷ್ಟು ಹಿಂದೆಯೇ ಮೂರು ಪುಟಗಳಲ್ಲಿ ಬರೆದಿಟ್ಟು ಹೋಗಿದ್ದಾರೆ.